ಸೂಚಿಚಿಕಿತ್ಸೆಯಿಂದ ಏನನ್ನು ನಿರೀಕ್ಷಿಸಬಹುದು?

1971ನೆಯ ಇಸವಿಯ ಜುಲೈ ತಿಂಗಳಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ಪೀಕಿಂಗ್ ನಗರದಲ್ಲಿದ್ದಾಗ ಅಪೆಂಡಿಸೈಟಿಸ್ ರೋಗಕ್ಕೆ ಗುರಿಯಾಗಿ, ಅಲ್ಲಿಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದನು. ಆತನು ತನ್ನ ಅನುಭವವನ್ನು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ವರ್ಣಿಸಿದ ಮೇಲೆ, ಸೂಜಿಗಳಿಂದಲೇ ಮೈಮರೆಸಿ ಆತನ ಹೊಟ್ಟೆಯನ್ನು ಕೊಯ್ದರೆಂಬ ಕಥೆ ಹಬ್ಬಿತು. ವಾಸ್ತವವು ಬೇರೆ. ಶಸ್ತ್ರಕ್ರಿಯೆ ನಡೆದುದು ಆಧುನಿಕ ಅರಿವಳಿಕೆಯಿಂದ. ಆಮೇಲೆ ಕಾಣಿಸಿಕೊಂಡ ಹೊಟ್ಟೆಯುಬ್ಬರದ ಶಮನಕ್ಕಾಗಿ ಮೊಣಕೈಗೂ ಮೊಣಕಾಲುಗಳ ಕೆಳಗೂ ಮೂರು ಸೂಜಿಗಳನ್ನು ಚುಚ್ಚಿದರು, ಅಷ್ಟೆ. ಈ ಚಿಕಿತ್ಸೆಯ ಇತಿಹಾಸದಲ್ಲಿ ನಿರೀಕ್ಷೆಯು ವಾಸ್ತವವನ್ನು ಮೀರಿ ಬೆಳೆದುದಕ್ಕೆ ಇದೊಂದು ನಿದರ್ಶನ.

ಇದರ ಪ್ರಾಚೀನತೆಯನ್ನೂ ವಿವೇಚಿಸಿಯೇ ಸ್ವೀಕರಿಸಬೇಕು. ಕ್ರಿ.ಪೂ. 168ರಲ್ಲಿ ಮುಚ್ಚಲ್ಪಟ್ಟ ಮವಾಂಗ್‌ದುಯಿ ಸಮಾಧಿಯ ವೈದ್ಯಗ್ರಂಥಗಳಲ್ಲಿ ದೇಹದ ನಾಳಗಳ ವರ್ಣನೆಯಿದೆ, ಸೂಜಿಗಳ ಪ್ರಸ್ತಾಪವಿಲ್ಲ. ‘ಚಿ’ ಎಂಬ ಪ್ರಾಣಶಕ್ತಿಯು ನಾಳಗಳಲ್ಲಿ ಸಂಚರಿಸುವುದೆಂಬ ತತ್ತ್ವವೂ ಸೂಜಿಯ ಪ್ರಯೋಗವೂ ಒಂದುಗೂಡಿ ವಿವರವಾಗಿ ಕಾಣಿಸುವುದು ‘ಹುವಾಂಗ್‌ದಿ ನೈಜಿಂಗ್’ ಗ್ರಂಥದಲ್ಲಿ. 1822ರಲ್ಲಿ ಚೀನದ ಚಕ್ರವರ್ತಿಯೇ ಅರಮನೆಯ ವೈದ್ಯಾಲಯದಿಂದ ಈ ಪದ್ಧತಿಯನ್ನು ತೆಗೆದುಹಾಕಿದನು. 1949ರ ಅನಂತರ ಹೊಸ ಸರ್ಕಾರದಿಂದ ಅದಕ್ಕೆ ಪುನಃ ಆಶ್ರಯ ದೊರೆಯಿತು. ಆದುದರಿಂದ ಹಳೆಯದೆಂಬ ಮಾತ್ರಕ್ಕೆ ಅದು ಸತ್ಯವೂ ಅಲ್ಲ, ಮಿಥ್ಯೆಯೂ ಅಲ್ಲ.

ಇಂದು ಈ ಚಿಕಿತ್ಸೆಗೆ ಹೋಗುವವನ ಅನುಭವವೇನು? ವೈದ್ಯನು ಮೊದಲು ರೋಗದ ಪೂರ್ವವೃತ್ತಾಂತವನ್ನು ವಿಚಾರಿಸುವನು. ಸಂಪ್ರದಾಯಸ್ಥನಾದರೆ ನಾಡಿಯನ್ನೂ ನಾಲಗೆಯನ್ನೂ ಪರೀಕ್ಷಿಸುವನು. ಬಳಿಕ ಕೂದಲಿನಂತೆ ತೆಳುವಾದ ಉಕ್ಕಿನ ಸೂಜಿಗಳನ್ನು ಚುಚ್ಚಿ, ಸುಮಾರು 20ರಿಂದ 30 ನಿಮಿಷ ಹಾಗೆಯೇ ಬಿಡುವನು. ಚುಚ್ಚಿದೆಡೆಯಲ್ಲಿ ಭಾರವೋ ಜುಮುಗುಟ್ಟುವಿಕೆಯೋ ಮಂದವಾದ ನೋವೋ ತೋರುವುದು ಸಹಜ. ಒಂದೇ ಸಲಕ್ಕೆ ಮುಗಿಯದೆ, ಹಲವು ವಾರಗಳ ಕಾಲ ಪುನರಾವರ್ತಿಸುವುದು ರೂಢಿ.

ಫಲದ ವಿಷಯದಲ್ಲಿ ಜರ್ಮನಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಬೋಧಪ್ರದವಾಗಿದೆ. ಬಹುಕಾಲದ ಸೊಂಟನೋವಿನಿಂದ ಬಳಲುತ್ತಿದ್ದ 1,162 ಮಂದಿಯನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಆರು ತಿಂಗಳ ಬಳಿಕ ಶಾಸ್ತ್ರೋಕ್ತ ಸೂಜಿಯಿಂದ ಶೇಕಡ 47.6 ಮಂದಿಗೂ, ಶಾಸ್ತ್ರೋಕ್ತವಲ್ಲದ ಸ್ಥಾನಗಳಲ್ಲಿ ಮೇಲುಮೇಲೆ ಚುಚ್ಚಿದ ಸೂಜಿಯಿಂದ ಶೇಕಡ 44.2 ಮಂದಿಗೂ, ವಾಡಿಕೆಯ ಔಷಧ ವ್ಯಾಯಾಮಾದಿಗಳಿಂದ ಶೇಕಡ 27.4 ಮಂದಿಗೂ ಗುಣ ಕಂಡಿತು. ಅರ್ಥಾತ್, ಉಪಶಮನವು ಸುಳ್ಳಲ್ಲ. ಆದರೆ ಅದಕ್ಕೆ ನಾಳಗಳ ತತ್ತ್ವವೇ ಕಾರಣವೆಂದು ಈ ಅಂಕಿಗಳು ಸಾಧಿಸುವುದಿಲ್ಲ. ರೋಗಿಯ ನಿರೀಕ್ಷೆಗೂ ವೈದ್ಯನ ಆರೈಕೆಗೂ ಅದರಲ್ಲಿ ಪಾಲಿರುವುದು ಸಂಭವನೀಯ.

ಕೆಲವು ಎಚ್ಚರಿಕೆಗಳು ಅವಶ್ಯಕ. ಸೂಜಿಗಳು ಕ್ರಿಮಿರಹಿತವೂ ಒಮ್ಮೆ ಮಾತ್ರ ಬಳಸತಕ್ಕವೂ ಆಗಿರಬೇಕು. ತುಸು ರಕ್ತ ಒಸರುವುದು, ಚರ್ಮ ಕಂದುವುದು ಸಾಮಾನ್ಯ. ಎದೆಯ ಭಾಗದಲ್ಲಿ ಆಳವಾಗಿ ಚುಚ್ಚಿದರೆ ಶ್ವಾಸಕೋಶಕ್ಕೆ ಗಾಯವಾಗುವ ಅಪಾಯ ವಿರಳವಾದರೂ ಉಂಟು. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರೂ ಗರ್ಭಿಣಿಯರೂ ಮೊದಲೇ ಅದನ್ನು ತಿಳಿಸತಕ್ಕದ್ದು. ಎಲ್ಲಕ್ಕಿಂತ ಮಿಗಿಲಾಗಿ, ಕಾರಣ ತಿಳಿಯದ ನೋವನ್ನು ಸೂಜಿಯಿಂದ ತಣಿಸಿಕೊಂಡು ರೋಗನಿರ್ಣಯವನ್ನು ಮುಂದೂಡುವುದು ಪ್ರಾಣಾಂತಿಕವಾಗಬಹುದು. ರೆಸ್ಟನ್ನನ ವೃತ್ತಾಂತದ ನಿಜವಾದ ಪಾಠವೂ ಇದೇ: ಪೀಕಿಂಗಿನ ವೈದ್ಯರು ಮೊದಲು ಶಸ್ತ್ರವನ್ನು ಹಿಡಿದರು, ಆಮೇಲೆ ಸೂಜಿಯನ್ನು.