ಮರವಿಲ್ಲದ ದ್ವೀಪದಲ್ಲಿ ಹಕ್ಕಿ ಎಲ್ಲಿ ಮೊಟ್ಟೆ ಇಡುತ್ತದೆ?

ಪ್ರಶ್ನೆ: ಮರವೇ ಬೆಳೆಯದ ಆರ್ಕ್ಟಿಕ್ ದ್ವೀಪಗಳಲ್ಲಿ ಕಡಲಹಕ್ಕಿಗಳು ಎಲ್ಲಿ ಗೂಡು ಮಾಡುತ್ತವೆ?

ಉತ್ತರ: ಹೆಚ್ಚಿನವು ಬಂಡೆಗಳಲ್ಲೋ ನೆಲದಲ್ಲೋ ಮೊಟ್ಟೆ ಇಡುತ್ತವೆ. ಅಲಾಸ್ಕಾದ ಉತ್ತರ ತುದಿಯ ಬಳಿಯ ಕೂಪರ್ ದ್ವೀಪದಲ್ಲಿ ಬಂಡೆಗಳೂ ಇಲ್ಲ. ಕೆಂಪು ಕಾಲಿನ, ಕಪ್ಪು ರೆಕ್ಕೆಯ ಮೇಲೆ ಬಿಳಿ ಪಟ್ಟೆಯ ಗಿಲಿಮಾಟ್ ಹಕ್ಕಿಗಳು ಅಲ್ಲಿ ನೌಕಾಪಡೆಯವರು ಬಿಟ್ಟುಹೋದ ಮರದ ಪೆಟ್ಟಿಗೆಗಳ ಅಡಿ ಸೇರಿಕೊಂಡವು. ವಿಜ್ಞಾನಿ ಜಾರ್ಜ್ ಡಿವೋಕಿ 1975ರಿಂದ ದಶಕಗಳ ಕಾಲ ಬೇಸಿಗೆಯಲ್ಲಿ ಅಲ್ಲೇ ಬೀಡುಬಿಟ್ಟು ಮೊಟ್ಟೆ ಎಣಿಸಿದರು, ಮರಿಗಳನ್ನು ತೂಗಿದರು, ಕಾಲಿಗೆ ಉಂಗುರ ತೊಡಿಸಿದರು.

ಹಿಮ ಬೇಗ ಕರಗತೊಡಗಿದಾಗ ಮೊದಮೊದಲು ಹಕ್ಕಿಗಳಿಗೆ ಅನುಕೂಲವೇ ಆಯಿತು. ಆದರೆ ಕಡಲ ಮಂಜುಗಡ್ಡೆ ದೂರ ಸರಿದಂತೆ ಅದರಂಚಿನಲ್ಲಿ ಸಿಗುವ ಆರ್ಕ್ಟಿಕ್ ಕಾಡ್ ಮೀನು ಕೈತಪ್ಪಿತು. ದಡಕ್ಕೆ ಬಂದ ಹಿಮಕರಡಿಗಳು ಮರಿಗಳನ್ನು ತಿಂದವು. ಹಾಗಾಗಿ 2011ರಲ್ಲಿ ಕರಡಿಗೆ ಬಗ್ಗದ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಇಡಲಾಯಿತು. ಒಂದೇ ಜಾಗವನ್ನು ಬಿಡದೆ ಗಮನಿಸಿದ್ದರಿಂದಲೇ ಹವಾಮಾನ ಬದಲಾವಣೆಯ ಈ ಪರಿಣಾಮ ಗೂಡುಗೂಡಿನ ಲೆಕ್ಕದಲ್ಲಿ ದಾಖಲಾಗಿದೆ.