ಮಗುವಿನ ಶಾಲೆಗೆ ಮಾನ್ಯತೆ ಕೊಟ್ಟವರು ಯಾರು?

ಮೇ ತಿಂಗಳು ಬಂತೆಂದರೆ ಕೃಷ್ಣರಾಜಪೇಟೆಯಂಥ ತಾಲೂಕು ಪಟ್ಟಣಗಳಲ್ಲಿ ಎಲ್ಲಿ ನೋಡಿದರೂ ಶಾಲೆಗಳ ಬ್ಯಾನರು. ಇಂಗ್ಲಿಷ್ ಮೀಡಿಯಂ, ಕಂಪ್ಯೂಟರ್, ವ್ಯಾನ್ ಸೌಲಭ್ಯ. ನಮ್ಮವರು ನಡೆಸುವ ಶಾಲೆಯಾದರೆ ಜೊತೆಗೆ ದೀನಿಯಾತ್ ಕೂಡ. ಕೆಳಗೆ ಸಣ್ಣ ಅಕ್ಷರದಲ್ಲಿ 'ಮಾನ್ಯತೆ ಪಡೆದಿದೆ' ಎಂದಿರುತ್ತದೆ. ಯಾರಿಂದ ಪಡೆದದ್ದು, ಎಷ್ಟನೇ ತರಗತಿಯವರೆಗೆ, ಯಾವ ಮಾಧ್ಯಮಕ್ಕೆ ಎಂಬುದನ್ನು ಬ್ಯಾನರು ಹೇಳುವುದಿಲ್ಲ. ಕೇಳುವ ತಾಯಂದಿರೂ ಕಡಿಮೆ. ಫೀಸು ಎಷ್ಟು, ಯೂನಿಫಾರಂ ಎಲ್ಲಿ ಸಿಗುತ್ತದೆ, ಹೆಣ್ಣು ಮಕ್ಕಳ ತಲೆವಸ್ತ್ರಕ್ಕೆ ಅಡ್ಡಿಯಿಲ್ಲವಲ್ಲ ಎಂದು ವಿಚಾರಿಸಿ, ಮುಂಗಡ ಕಟ್ಟಿ, ಹೆಸರು ಬರೆಸಿ ಬರುತ್ತೇವೆ.

ಮದರಸದಲ್ಲಿ ಓದಿದವರಿಗೆ 'ಸನದ್' ಎಂಬ ಪದದ ತೂಕ ಗೊತ್ತಿರುತ್ತದೆ. ಸನದ್ ಎಂದರೆ ಬರೀ ಸರ್ಟಿಫಿಕೇಟ್ ಅಲ್ಲ. ನಿನಗೆ ಕಲಿಸಿದವರು ಯಾರು, ಅವರಿಗೆ ಕಲಿಸಿದವರು ಯಾರು ಎಂಬ ಸರಪಳಿ ಅದು. ಕಾಗದ ಎಷ್ಟು ಚೆನ್ನಾಗಿದ್ದರೂ ಕೊಟ್ಟವರಿಗೆ ಕೊಡುವ ಅಧಿಕಾರ ಇಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ಹದೀಸ್ ಪಾಠದಲ್ಲಿ ಇಷ್ಟು ಕಟ್ಟುನಿಟ್ಟಾಗಿರುವ ನಾವು, ನಮ್ಮ ಮಗುವಿನ ಹತ್ತು ವರ್ಷಗಳನ್ನು ಒಪ್ಪಿಸುವ ಶಾಲೆಯ ಸನದನ್ನು ಮಾತ್ರ ನೋಡುವುದೇ ಇಲ್ಲ.

ಕೊಡುವ ಅಧಿಕಾರ ಯಾರದು?

ಕರ್ನಾಟಕದಲ್ಲಿ ಖಾಸಗಿ ಶಾಲೆಗೆ ಮಾನ್ಯತೆ ಕೊಡುವುದು ಸರಕಾರದ ಶಿಕ್ಷಣ ಇಲಾಖೆ. ತಾಲೂಕಿನಲ್ಲಿ ಅದರ ಬಾಗಿಲು ಬಿಇಒ ಕಚೇರಿ, ಜಿಲ್ಲೆಯಲ್ಲಿ ಡಿಡಿಪಿಐ ಕಚೇರಿ. ಇದಕ್ಕೆ ಆಧಾರ 1983ರ ಕರ್ನಾಟಕ ಶಿಕ್ಷಣ ಕಾಯ್ದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಇನ್ನೂ ಗಟ್ಟಿಯಾಗಿ ಹೇಳುತ್ತದೆ: ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಆಮೇಲೂ ಮುಂದುವರಿಸಿದರೆ ದಿನಕ್ಕೆ ಹತ್ತು ಸಾವಿರದವರೆಗೆ. ಒಂದರಿಂದ ಐದನೇ ತರಗತಿವರೆಗೆ 61ರಿಂದ 90 ಮಕ್ಕಳಿದ್ದರೆ ಮೂವರು ಶಿಕ್ಷಕರು, ಪ್ರತಿ ಶಿಕ್ಷಕರಿಗೆ ಒಂದು ಕೋಣೆ, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಆಟದ ಬಯಲು, ಸುತ್ತುಗೋಡೆ. ಆ ಕಾಯ್ದೆಯ ಅಳತೆ ಇಷ್ಟೇ. ದುಬಾರಿ ಶಾಲೆ ಬೇಕೆಂದು ಅದು ಎಲ್ಲಿಯೂ ಹೇಳಿಲ್ಲ.

ಹಾಗಾದರೆ ಕ್ಯಾಮ್ಸ್, ಕುಸ್ಮಾ, ರೂಪ್ಸಾ ಎಂದು ಪತ್ರಿಕೆಯಲ್ಲಿ ಓದುತ್ತೇವಲ್ಲ, ಅವು ಏನು? ಅವು ಖಾಸಗಿ ಶಾಲೆ ನಡೆಸುವವರು ಕಟ್ಟಿಕೊಂಡ ಸಂಘಗಳು. ಯಾವ ಶಾಲೆಯಾದರೂ ಸದಸ್ಯನಾಗಬಹುದು, ಆಫೀಸಿನ ಗೋಡೆಗೆ ಸದಸ್ಯತ್ವದ ಪತ್ರ ತೂಗುಹಾಕಬಹುದು. ಅದು ಮಾನ್ಯತೆಯಲ್ಲ. ಕ್ಯಾಮ್ಸ್ ನ್ಯಾಯಾಲಯಕ್ಕೆ ಹೋದಾಗ ಬಳಸಿದ ಪೂರ್ತಿ ಹೆಸರಿನಲ್ಲೇ 'ಸರಕಾರದ ಮಾನ್ಯತೆ ಪಡೆದ, ಅನುದಾನರಹಿತ' ಶಾಲೆಗಳು ಎಂಬ ಮಾತಿತ್ತು. ಅಂದರೆ ಮೊದಲು ಸರಕಾರದ ಮಾನ್ಯತೆ, ಆಮೇಲೆ ಸಂಘ.

ಈ ಸಂಘಗಳ ಬಲವೇನೆಂದು ರಾಜ್ಯ ಕಂಡದ್ದು ಮಾಧ್ಯಮದ ಗಲಾಟೆಯಲ್ಲಿ. 1994ರ ಸರಕಾರಿ ಆದೇಶದ ಪ್ರಕಾರ ಒಂದರಿಂದ ನಾಲ್ಕನೇ ತರಗತಿಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕಿತ್ತು. ಅನೇಕರು ಕನ್ನಡ ಮಾಧ್ಯಮಕ್ಕೆ ಅನುಮತಿ ಪಡೆದು ಒಳಗೆ ಇಂಗ್ಲಿಷಿನಲ್ಲಿ ಕಲಿಸುತ್ತಿದ್ದರು. 2006ರಲ್ಲಿ ಸರಕಾರ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆಯನ್ನೇ ಕಿತ್ತುಕೊಂಡಿತು. ಶಾಲೆ ಮಾಡಿದ ತಪ್ಪಿಗೆ ಮಕ್ಕಳು ಎಲ್ಲಿಗೆ ಹೋಗಬೇಕು? ಸಂಘಗಳು ನ್ಯಾಯಾಲಯದಲ್ಲಿ ಹೋರಾಡಿದವು. 2008ರ ಜುಲೈನಲ್ಲಿ ಹೈಕೋರ್ಟಿನ ಪೂರ್ಣ ಪೀಠವೂ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವೂ ಸಂಘದ ಪರವಾಗಿಯೇ ತೀರ್ಪಿತ್ತವು. ಮಾತೃಭಾಷೆಯಲ್ಲಿ ಕಲಿಯುವುದೇ ಮಗುವಿಗೆ ಒಳ್ಳೆಯದೆಂದು ನಾನು ಈಗಲೂ ನಂಬಿದ್ದೇನೆ, ಅದು ಬೇರೆ ಮಾತು. ಒಂಟಿ ಶಾಲೆಯೊಂದು ಇಷ್ಟು ವರ್ಷ ಕೋರ್ಟಿಗೆ ಅಲೆಯಲು ಸಾಧ್ಯವಿತ್ತೇ?

ಹಾಗೆಂದು ಇವನ್ನು ತಂದೆತಾಯಿಯರ ಸಂಘವೆಂದು ತಿಳಿಯಬಾರದು. ಕೊರೋನಾ ನಂತರ, 2021ರ ಜನವರಿಯಲ್ಲಿ ಸರಕಾರ ಬೋಧನಾ ಶುಲ್ಕದ ಶೇ. 70ರಷ್ಟನ್ನು ಮಾತ್ರ ತೆಗೆದುಕೊಳ್ಳಿ ಎಂದಾಗ ಅದನ್ನು ವಿರೋಧಿಸಿದ್ದೂ ಆಡಳಿತ ಮಂಡಳಿಗಳೇ. ಇನ್ನೊಂದು ಕಡೆ, 2022ರ ಆಗಸ್ಟಿನಲ್ಲಿ ಹದಿಮೂರು ಸಾವಿರ ಶಾಲೆಗಳ ಪರವಾಗಿ ಎರಡು ಸಂಘಗಳು ಪ್ರಧಾನಿಗೆ ಪತ್ರ ಬರೆದು, ಮಾನ್ಯತೆ ಪತ್ರ ಪಡೆಯಲು ಲಂಚ ಕೊಡಬೇಕಾಗಿದೆ ಎಂದು ದೂರಿದ್ದವು. ಮಾನ್ಯತೆಯ ದಾರಿ ಅಷ್ಟು ಸಲೀಸಲ್ಲ ಎಂಬುದಕ್ಕೆ ಇದೂ ಒಂದು ಸಾಕ್ಷಿ.

ಟಿ.ಸಿ.ಯಲ್ಲಿ ಬೇರೆ ಶಾಲೆಯ ಹೆಸರು

ಪೆಟ್ಟು ಬೀಳುವುದು ಯಾವಾಗ? ಮಗು ಒಂದನೇ ತರಗತಿಯಲ್ಲಿದ್ದಾಗ ಏನೂ ಗೊತ್ತಾಗುವುದಿಲ್ಲ. ಪುಸ್ತಕ ಕೊಡುತ್ತಾರೆ, ಪರೀಕ್ಷೆ ನಡೆಸುತ್ತಾರೆ, ವಾರ್ಷಿಕೋತ್ಸವಕ್ಕೆ ಗಣ್ಯರನ್ನು ಕರೆಸುತ್ತಾರೆ. ಶಾಲೆಗೆ ಐದನೇ ತರಗತಿವರೆಗೆ ಮಾತ್ರ ಅನುಮತಿ ಇರುತ್ತದೆ, ನಡೆಸುವುದು ಏಳರವರೆಗೆ. ಎಂಟನೇ ತರಗತಿಗೆ ಬೇರೆ ಶಾಲೆಗೆ ಸೇರಿಸಲು ಹೋದಾಗ ಟಿ.ಸಿ. ಕೇಳುತ್ತಾರೆ, ಸ್ಯಾಟ್ಸ್ ಸಂಖ್ಯೆ ಕೇಳುತ್ತಾರೆ. ಆಗ ಕೈಗೆ ಬರುವ ಟಿ.ಸಿ.ಯಲ್ಲಿ ಮಗು ಒಂದು ದಿನವೂ ಕಾಲಿಡದ ಯಾವುದೋ ಶಾಲೆಯ ಹೆಸರಿರುತ್ತದೆ! ತಮ್ಮ ಮಕ್ಕಳನ್ನು ಮಾನ್ಯತೆ ಇರುವ ಇನ್ನೊಂದು ಶಾಲೆಯ ಹಾಜರಿ ಪುಸ್ತಕದಲ್ಲಿ ತೋರಿಸುವ ಈ ಉಪಾಯ ಹಳೆಯದು. ಹುಟ್ಟಿದ ದಿನಾಂಕದಲ್ಲಿ, ಹೆಸರಿನ ಅಕ್ಷರದಲ್ಲಿ ತಪ್ಪು ನುಸುಳಿದರೆ ತಿದ್ದಿಸಲು ತಾಯಿ ಯಾವ ಶಾಲೆಯ ಬಾಗಿಲಿಗೆ ಹೋಗಬೇಕು? ನಮ್ಮಲ್ಲಿ ಎಷ್ಟೋ ಮನೆಗಳ ಗಂಡಸರು ದೂರದ ಊರಿನ ದುಡಿಮೆಯಲ್ಲಿರುತ್ತಾರೆ. ಕಚೇರಿ ಅಲೆಯುವುದು ತಾಯಂದಿರ ಪಾಲಿಗೇ ಬರುತ್ತದೆ.

2023ರಲ್ಲಿ ಶಿಕ್ಷಣ ಇಲಾಖೆ ಅನಧಿಕೃತ ಶಾಲೆಗಳ ಪಟ್ಟಿ ಮಾಡಿದಾಗ ಸಂಖ್ಯೆ ಸಾವಿರ ದಾಟಿತ್ತು. ಅದರಲ್ಲಿ ಅನುಮತಿಯೇ ಇಲ್ಲದವು ಇದ್ದವು, ಅನುಮತಿಗಿಂತ ಮೇಲಿನ ತರಗತಿ ನಡೆಸುವವು ಇದ್ದವು, ಹೇಳಿದ್ದೊಂದು ಮಾಧ್ಯಮ ಕಲಿಸುವುದೊಂದು ಎಂಬಂಥವೂ ಇದ್ದವು.

'ನಾವು ಅಲ್ಪಸಂಖ್ಯಾತರ ಸಂಸ್ಥೆ, ನಮಗೆ ಈ ಕಾನೂನೆಲ್ಲ ಇಲ್ಲ' ಎನ್ನುವ ಕಾರ್ಯದರ್ಶಿಗಳೂ ಇದ್ದಾರೆ. ಅರ್ಧ ತಿಳಿದ ಮಾತು ಅದು. ಅದೇ 2014ರ ಮೇ 6ರಂದು ಇನ್ನೊಂದು ಮೊಕದ್ದಮೆಯಲ್ಲಿ, ಅಲ್ಪಸಂಖ್ಯಾತ ಶಾಲೆಗಳಿಗೆ ಆರ್‌ಟಿಇ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. 2025ರ ಸೆಪ್ಟೆಂಬರ್ 1ರಂದು ಇಬ್ಬರು ನ್ಯಾಯಮೂರ್ತಿಗಳು ಆ ತೀರ್ಪಿನ ಬಗ್ಗೆಯೇ ಸಂಶಯ ವ್ಯಕ್ತಪಡಿಸಿ, ದೊಡ್ಡ ಪೀಠ ನೋಡಬೇಕೆಂದು ಮುಖ್ಯ ನ್ಯಾಯಮೂರ್ತಿಗಳಿಗೆ ಕಳುಹಿಸಿದ್ದೂ ನಿಜ. ಏನೇ ಆಗಲಿ, ಮಕ್ಕಳನ್ನು ಶಾಲೆಯ ಮೂಲಕ ಎಸ್ಸೆಸ್ಸೆಲ್ಸಿಗೆ ಕೂರಿಸಲು ರಾಜ್ಯದ ಮಾನ್ಯತೆ ಬೇಕೇ ಬೇಕು. ದೆಹಲಿಯ ರಾಷ್ಟ್ರೀಯ ಅಲ್ಪಸಂಖ್ಯಾತ ಶಿಕ್ಷಣ ಸಂಸ್ಥೆಗಳ ಆಯೋಗದ ಪ್ರಮಾಣಪತ್ರ ತೋರಿಸಿದರೂ ಅಷ್ಟೇ. ಶಾಲೆಯನ್ನು ಸ್ಥಾಪಿಸಿ ನಡೆಸುವವರು ಯಾರು ಎಂದಷ್ಟೇ ಅದು ಹೇಳುತ್ತದೆ. ಒಳಗಿನ ಶಿಕ್ಷಕಿ ಏನು ಓದಿದ್ದಾರೆಂದು ಹೇಳುವುದಿಲ್ಲ.

ಮಕ್ತಬ್‌ಗಳ ವಿಷಯ ಬೇರೆ. 2012ರ ತಿದ್ದುಪಡಿಯಿಂದ ಧಾರ್ಮಿಕ ಶಿಕ್ಷಣ ಕೊಡುವ ಮದರಸಗಳನ್ನು ಆರ್‌ಟಿಇಯಿಂದ ಹೊರಗಿಡಲಾಗಿದೆ. ಆದರೆ 2006ರ ಸಾಚಾರ್ ವರದಿ ತಿಳಿಸಿದಂತೆ, ಶಾಲೆಗೆ ಹೋಗುವ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಮದರಸದಲ್ಲೇ ಓದುವವರು ಶೇ. 3-4 ಮಾತ್ರ. ಉಳಿದವರ ಪ್ರಶ್ನೆ ಶಾಲೆಯದೇ.

ಕರಾವಳಿಯವರ ಕಡೆ ನೋಡಿ

ಸಂಘವೊಂದು ತಾನೇ ಮಾನ್ಯತೆ ಕೊಟ್ಟು, ತಾನೇ ಪರಿಶೀಲಿಸುವ ಪದ್ಧತಿ ನಮ್ಮ ಸಮುದಾಯಕ್ಕೆ ಹೊಸದಲ್ಲ. 1951ರಲ್ಲಿ ಸ್ಥಾಪನೆಯಾದ ಸಮಸ್ತ ಕೇರಳ ಇಸ್ಲಾಂ ಮತ ವಿದ್ಯಾಭ್ಯಾಸ ಬೋರ್ಡನ್ನೇ ನೋಡಿ. ಇಂದು ಹತ್ತು ಸಾವಿರಕ್ಕೂ ಹೆಚ್ಚು ಮದರಸಗಳು ಅದರ ಅಂಗೀಕಾರ ಪಡೆದಿವೆ. ನಮ್ಮ ದಕ್ಷಿಣ ಕನ್ನಡ, ಕೊಡಗಿನ ಮದರಸಗಳೂ ಅದರಲ್ಲಿ ಸೇರಿವೆ. ಎಲ್ಲ ಕಡೆ ಒಂದೇ ಪಠ್ಯ. ಐದು, ಏಳು, ಹತ್ತು ಮತ್ತು ಹನ್ನೆರಡನೇ ತರಗತಿಗೆ ಒಂದೇ ಪಬ್ಲಿಕ್ ಪರೀಕ್ಷೆ. ಮದರಸಗಳನ್ನು ಸುತ್ತಿ ನೋಡಲು 'ಮುಫತ್ತಿಶ್' ಎಂಬ ಪರಿವೀಕ್ಷಕರು ಬರುತ್ತಾರೆ. ಉಸ್ತಾದರಿಗೂ ತರಬೇತಿ ಇದೆ. ಸರಕಾರ ಕೇಳದಿದ್ದರೂ ತಮ್ಮವರನ್ನು ತಾವೇ ಅಳೆಯಲು ಒಪ್ಪಿಕೊಂಡಿದ್ದರಿಂದ ಇದು ಸಾಧ್ಯವಾಯಿತು. ನಮ್ಮ ಮಂಡ್ಯದ ಕಡೆ ಮಕ್ತಬ್ ಎಂದರೆ ಆಯಾ ಮಸೀದಿ ಕಮಿಟಿಯ ಜವಾಬ್ದಾರಿ. ಇಮಾಮರು ಬದಲಾದರೆ ಪುಸ್ತಕವೂ ಬದಲಾಗುವುದನ್ನು ಕಂಡಿದ್ದೇನೆ.

ಶಾಲೆಗಳಿಗೆ ಬಂದರೆ, ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಮುಸ್ಲಿಂ ವಿದ್ಯಾಸಂಸ್ಥೆಗಳು 'ಮೀಫ್' ಎಂಬ ಒಕ್ಕೂಟ ಮಾಡಿಕೊಂಡಿವೆ. ಅದು ಮಾನ್ಯತೆ ಕೊಡುವುದಿಲ್ಲ. ಕೊಡುತ್ತೇನೆಂದು ಹೇಳಿಕೊಳ್ಳುವುದೂ ಇಲ್ಲ. ಶಿಕ್ಷಕರಿಗೆ ಕಾರ್ಯಾಗಾರ, ಎಸ್ಸೆಸ್ಸೆಲ್ಸಿಯಲ್ಲಿ ಹಿಂದುಳಿದ ಮಕ್ಕಳಿಗೆ ತರಬೇತಿ, ಬಡ ಮಕ್ಕಳಿಗೆ ಸದಸ್ಯ ಕಾಲೇಜುಗಳಲ್ಲಿ ಉಚಿತ ಸೀಟು, ಇಂಥ ಕೆಲಸ ಮಾಡುತ್ತದೆ. ಗಣಿತಕ್ಕೆ ಒಳ್ಳೆಯ ಶಿಕ್ಷಕರಿಲ್ಲದ ಸಣ್ಣ ಶಾಲೆಗೆ ಇದು ಎಷ್ಟು ದೊಡ್ಡ ಆಸರೆಯೆಂದು ಶಾಲೆ ನಡೆಸಿದವರಿಗೇ ಗೊತ್ತು.

ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ, ಈ ನಾಲ್ಕು ತಾಲೂಕುಗಳಲ್ಲಿ ನಮ್ಮವರ ಶಾಲೆಗಳು ಒಂದೆಡೆ ಕುಳಿತು ಮಾತಾಡಿದ್ದನ್ನು ನಾನು ಕಂಡಿಲ್ಲ. ಪಕ್ಕದ ಶಾಲೆಯ ಮಕ್ಕಳನ್ನು ಸೆಳೆಯುವುದರಲ್ಲೇ ಬೇಸಿಗೆ ಕಳೆಯುತ್ತದೆ. ಒಕ್ಕೂಟ ಆಗಬೇಕಿದ್ದರೆ ಬರೀ ಸನ್ಮಾನ, ಶಾಲು, ಹಾರಗಳ ಒಕ್ಕೂಟ ಬೇಡ. ವರ್ಷಕ್ಕೊಮ್ಮೆ ಒಂದು ಶಾಲೆಯ ಶಿಕ್ಷಕರು ಇನ್ನೊಂದು ಶಾಲೆಗೆ ಹೋಗಿ ನೋಡಲಿ. ಮಾನ್ಯತೆ ನವೀಕರಣವಾಗದ ಶಾಲೆಗೆ ಕಾಗದಪತ್ರ ಸರಿಮಾಡಿಕೊಳ್ಳಲು ನೆರವಾಗಲಿ. ಆಗಲೂ ಸರಿಮಾಡಿಕೊಳ್ಳದ ಶಾಲೆಯನ್ನು ಸದಸ್ಯತ್ವದಿಂದ ತೆಗೆಯುವ ಧೈರ್ಯವೂ ಇರಲಿ.

ಅಲ್ಲಿಯವರೆಗೆ ಕಾಯಬೇಕಿಲ್ಲ, ಸಹೋದರಿಯರೇ. ಹೆಸರು ಬರೆಸುವ ಮುನ್ನ ಮಾನ್ಯತೆ ಆದೇಶದ ಪ್ರತಿಯನ್ನು ತೋರಿಸಿ ಎಂದು ಕೇಳಿ. ಅದರಲ್ಲಿ ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ತರಗತಿಗಳಿಗೆ, ಯಾವ ಮಾಧ್ಯಮಕ್ಕೆ ಎಂದು ಬರೆದಿರುತ್ತದೆ. ಸಿಬಿಎಸ್‌ಇ ಎನ್ನುವ ಶಾಲೆಯಾದರೆ ಆ ಮಂಡಳಿಯ ಸಂಯೋಜನೆಯ ಪತ್ರವನ್ನೂ ಕೇಳಿ. 29ರಿಂದ ಆರಂಭವಾಗುವ ಹನ್ನೊಂದು ಅಂಕಿಗಳ ಯು-ಡೈಸ್ ಕೋಡ್ ತೋರಿಸಿ ಸುಮ್ಮನಾಗಿಸಿದರೆ ಒಪ್ಪಬೇಡಿ. ಅದು ಶಾಲೆಗಳ ಎಣಿಕೆಗೆ ಕೊಟ್ಟ ಸಂಖ್ಯೆ. ಸಂಶಯ ಬಂದರೆ ಬಿಇಒ ಕಚೇರಿಯಲ್ಲಿ ಶಾಲೆಯ ಹೆಸರು ಹೇಳಿ ವಿಚಾರಿಸಬಹುದು.

ಮಗು ಈಗಾಗಲೇ ಅಂಥ ಶಾಲೆಯಲ್ಲಿದ್ದರೂ ಎದೆಗುಂದಬೇಕಿಲ್ಲ. ಆರರಿಂದ ಹದಿನಾಲ್ಕು ವರ್ಷದೊಳಗಿನ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸರಕಾರಿ ಶಾಲೆ ಸೇರಿಸಿಕೊಳ್ಳಬೇಕೆಂದು ಕಾಯ್ದೆಯೇ ಹೇಳುತ್ತದೆ. ಟಿ.ಸಿ. ತಡವಾಯಿತೆಂದು ಬಾಗಿಲು ಹಾಕುವಂತಿಲ್ಲ. ಆ ವಯಸ್ಸು ದಾಟಿದ್ದರೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೇ ತರಗತಿಯ ಪರೀಕ್ಷೆ ಬರೆಯುವ ದಾರಿ ಇದೆ. ಹಿಫ್ಝ್ ಮುಗಿಸಿದ ಎಷ್ಟೋ ಮಕ್ಕಳು ಆ ದಾರಿಯಲ್ಲೇ ಕಾಲೇಜು ಸೇರಿದ್ದಾರೆ. ಸದ್ಯಕ್ಕೆ ನಾಳೆಯೇ ಮಾಡಬಹುದಾದ ಕೆಲಸ ಒಂದಿದೆ. ಶಾಲೆಗೆ ಹೋಗಿ ನಿಮ್ಮ ಮಗುವಿನ ಸ್ಯಾಟ್ಸ್ ಸಂಖ್ಯೆಯನ್ನು ಬರೆದುಕೊಳ್ಳಿ, ಆ ಸಂಖ್ಯೆಯ ಮುಂದೆ ಯಾವ ಶಾಲೆಯ ಹೆಸರಿದೆ, ಮಗುವಿನ ಹೆಸರನ್ನು ಹೇಗೆ ಬರೆದಿದ್ದಾರೆ, ಹುಟ್ಟಿದ ದಿನಾಂಕ ಸರಿಯಿದೆಯೇ ಎಂದು ನಿಮ್ಮ ಕಣ್ಣಾರೆ ನೋಡಿ ಬನ್ನಿ.