ನೊಂದವರ ಅಧ್ಯಯನಕ್ಕೆ ಸಲ್ಲುವ ಗೌರವ

ಅಪರಾಧದಿಂದ ನೊಂದವರ ಸ್ಥಿತಿಗತಿಯನ್ನು ಅಭ್ಯಾಸ ಮಾಡುವ ಶಾಸ್ತ್ರಕ್ಕೆ ವಿಕ್ಟಿಮಾಲಜಿ ಎಂದು ಹೆಸರು. ಈ ಕ್ಷೇತ್ರದಲ್ಲಿ ದುಡಿದವರಿಗೆ ಸಲ್ಲುವ ಗೌರವಗಳಲ್ಲಿ ಮೊದಲು ಹೇಳಬೇಕಾದದ್ದು ಹಾನ್ಸ್ ಫಾನ್ ಹೆಂಟಿಗ್ ಪ್ರಶಸ್ತಿ. ಅದನ್ನು ಕೊಡುವ ಸಂಸ್ಥೆ ವರ್ಲ್ಡ್ ಸೊಸೈಟಿ ಆಫ್ ವಿಕ್ಟಿಮಾಲಜಿ. 1973ರಲ್ಲಿ ಜೆರುಸಲೇಮಿನಲ್ಲಿ ಈ ಶಾಸ್ತ್ರದ ಮೊದಲ ಅಂತರರಾಷ್ಟ್ರೀಯ ವಿಚಾರ ಸಂಕಿರಣ ನಡೆಯಿತು, 1976ರಲ್ಲಿ ಬಾಸ್ಟನ್ನಿನಲ್ಲಿ ಎರಡನೆಯದು. 1979ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ಮೂರನೆಯ ಸಲ ಸೇರಿದ ವಿದ್ವಾಂಸರು ಸೊಸೈಟಿಯನ್ನು ಹುಟ್ಟುಹಾಕಿದರು. ಸಂಕಿರಣ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಬೇರೆ ಬೇರೆ ದೇಶಗಳಲ್ಲಿ ಸೇರುತ್ತದೆ. ಯುವ ಸಂಶೋಧಕರಿಗಾಗಿ ಇದೇ ಸಂಸ್ಥೆ ಬೆನ್ಯಾಮಿನ್ ಮೆಂಡೆಲ್‌ಸೋನ್ ಹೆಸರಿನಲ್ಲಿ ಇನ್ನೊಂದು ಪ್ರಶಸ್ತಿಯನ್ನು ಇಟ್ಟಿದೆ.

ಈ ಇಬ್ಬರ ಹೆಸರು ಪ್ರಶಸ್ತಿಗಳಿಗೆ ಸಂದದ್ದಕ್ಕೆ ಕಾರಣ ಸ್ಪಷ್ಟ. ಹೆಂಟಿಗ್ ನಾಜಿ ಆಡಳಿತವನ್ನು ಒಪ್ಪದೆ ಅಮೆರಿಕಕ್ಕೆ ಹೋದ ಜರ್ಮನ್ ಅಪರಾಧಶಾಸ್ತ್ರಜ್ಞ. ಅಪರಾಧಿ ಮತ್ತು ಅವನಿಗೆ ಬಲಿಯಾದವನ ಸಂಬಂಧವನ್ನು ಕುರಿತ ಅವನ ಗ್ರಂಥವನ್ನು 1948ರಲ್ಲಿ ಯೇಲ್ ವಿಶ್ವವಿದ್ಯಾಲಯ ಪ್ರಕಟಿಸಿತು. ಮಕ್ಕಳು, ಹೆಂಗಸರು, ಮುದುಕರು, ವಲಸಿಗರು, ಒಂಟಿಯಾಗಿರುವವರು ಹೀಗೆ ಸುಲಭವಾಗಿ ಅಪರಾಧಕ್ಕೆ ಈಡಾಗುವವರನ್ನು ಅವನು ಹದಿಮೂರು ಬಗೆಯಾಗಿ ವಿಂಗಡಿಸಿದ್ದ. ಮೆಂಡೆಲ್‌ಸೋನ್ ರುಮೇನಿಯಾದ ವಕೀಲ. ತಾನು ನಡೆಸುವ ಮೊಕದ್ದಮೆಗಳಿಗಾಗಿ ಕಕ್ಷಿದಾರರನ್ನೂ ಸಾಕ್ಷಿಗಳನ್ನೂ ವಿವರವಾದ ಪ್ರಶ್ನಾವಳಿ ಇಟ್ಟುಕೊಂಡು ವಿಚಾರಿಸುತ್ತಿದ್ದ ಆತ 1947ರಲ್ಲಿ ಬುಕಾರೆಸ್ಟ್‌ನಲ್ಲಿ ಮಾಡಿದ ಉಪನ್ಯಾಸದಲ್ಲಿ ಹೊಸ ಶಾಸ್ತ್ರಕ್ಕೆ ಹೆಸರನ್ನೇ ಕೊಟ್ಟ. ಪೂರ್ತಿ ನಿರಪರಾಧಿಯಿಂದ ಹಿಡಿದು ತಾನೇ ತಪ್ಪಿತಸ್ಥನಾದವನವರೆಗೆ ನೊಂದವರನ್ನು ಆರು ಮೆಟ್ಟಿಲಲ್ಲಿ ನಿಲ್ಲಿಸಿದ್ದೂ ಆತನೇ.

ಆ ಕಾಲದ ಅಪರಾಧಶಾಸ್ತ್ರ ನೊಂದವನ ಕಡೆಗೆ ನೋಡುತ್ತಲೇ ಇರಲಿಲ್ಲ. ಅದನ್ನು ನೋಡುವಂತೆ ಮಾಡಿದ್ದು ಈ ಇಬ್ಬರ ದೊಡ್ಡ ಕೆಲಸ. ಆದರೆ ಅವರು ಕೇಳಿದ ಪ್ರಶ್ನೆಯಲ್ಲೇ ಒಂದು ಅಪಾಯವಿತ್ತು: ನಡೆದ ಅಪರಾಧದಲ್ಲಿ ನೊಂದವನ ಪಾಲೆಷ್ಟು? 1958ರಲ್ಲಿ ಅಪರಾಧಶಾಸ್ತ್ರಜ್ಞ ಮಾರ್ವಿನ್ ವುಲ್ಫ್‌ಗ್ಯಾಂಗ್ ಫಿಲಡೆಲ್ಫಿಯಾದ 588 ಕೊಲೆಗಳನ್ನು ಪರಿಶೀಲಿಸಿ, ಸುಮಾರು ಶೇ 26ರಲ್ಲಿ ಮೊದಲು ಕೈ ಮಾಡಿದವನು ಸತ್ತವನೇ ಎಂದು ತೋರಿಸಿದ. ಹೊಡೆದಾಟದ ಮಟ್ಟಿಗೆ ಈ ಮಾತಿಗೆ ಅರ್ಥವಿದೆ. ಅದೇ ಅಳತೆಗೋಲನ್ನು 1971ರಲ್ಲಿ ಇನ್ನೊಬ್ಬ ಅಪರಾಧಶಾಸ್ತ್ರಜ್ಞ ಮೆನಾಖೆಮ್ ಆಮಿರ್ ಅತ್ಯಾಚಾರಕ್ಕೆ ಹಚ್ಚಿದಾಗ ಮಹಿಳಾ ಚಳವಳಿ ಸಿಡಿದೆದ್ದಿತು. ಹೆಣ್ಣಿನ ಉಡುಗೆ, ನಡೆ, ಹೊತ್ತು ಮೀರಿದ ಓಡಾಟದ ಮೇಲೆ ತಪ್ಪು ಹೊರಿಸುವ ಬೀದಿಮಾತಿಗೆ ಶಾಸ್ತ್ರವೇ ಮುದ್ರೆ ಒತ್ತಿದಂತಾಗಿತ್ತು. ಆ ಸಿಟ್ಟು ನ್ಯಾಯವಾದದ್ದು, ಶಾಸ್ತ್ರಕ್ಕೆ ಒಳ್ಳೆಯದನ್ನೂ ಮಾಡಿತು. ನೊಂದವನ ಪಾಲೆಷ್ಟು ಎಂಬುದರ ಬದಲು ನೊಂದವನಿಗೆ ಸಲ್ಲಬೇಕಾದದ್ದೇನು ಎಂಬ ಪ್ರಶ್ನೆ ಮುಂದೆ ಬಂತು. ಹೆಂಟಿಗ್, ಮೆಂಡೆಲ್‌ಸೋನ್ ಹೆಸರಿನ ಗೌರವಗಳು ಇಂದು ಅವರ ಹಾದಿಯಿಂದ ಬಹುದೂರ ಬಂದವರಿಗೇ ಸಲ್ಲುತ್ತಿವೆ.

ಈ ತಿರುವಿಗೆ ಹೊಂದುವ ಹೆಸರು ಸ್ಟೀಫನ್ ಷೇಫರ್‌ನದು. ಹಂಗೇರಿಯಿಂದ ಬಂದು ಬಾಸ್ಟನ್ನಿನಲ್ಲಿ ನೆಲೆಸಿದ ಈ ಪ್ರಾಧ್ಯಾಪಕ ಅಪರಾಧಿಯಿಂದ ನೊಂದವರಿಗೆ ನಷ್ಟ ತುಂಬಿಸಿಕೊಡುವ ಪದ್ಧತಿಗಳ ಮೇಲೆ 1960ರಲ್ಲೇ ಬರೆದಿದ್ದ. 1975ರಲ್ಲಿ ಹುಟ್ಟಿದ ಅಮೆರಿಕದ ನೊಂದವರ ನೆರವಿನ ರಾಷ್ಟ್ರೀಯ ಸಂಸ್ಥೆ ನೋವಾ ಅವನ ಹೆಸರಿನಲ್ಲಿ ಸಂಶೋಧಕರಿಗೆ ಪ್ರಶಸ್ತಿ ಕೊಡುತ್ತದೆ. ನೋವಾ ನೊಂದವರ ನೆರವಿಗೆ ಓಡಾಡುವವರು ಕಟ್ಟಿದ ಸಂಘ. ಅಂಥ ಸಂಘ ವಿದ್ವಾಂಸನನ್ನು ಗೌರವಿಸುತ್ತದೆಂದರೆ ಅವನ ಬರಹ ಕೆಲಸಕ್ಕೆ ಬಂದಿದೆ ಎಂದೇ ಅರ್ಥ. 1985ರ ನವೆಂಬರ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ನೊಂದವರ ನ್ಯಾಯದ ಮೂಲತತ್ತ್ವಗಳ ಘೋಷಣೆಯನ್ನು ಅಂಗೀಕರಿಸಿದ್ದರ ಹಿಂದೆಯೂ ವರ್ಲ್ಡ್ ಸೊಸೈಟಿಯ ವಿದ್ವಾಂಸರ ದುಡಿಮೆ ಇತ್ತು.

ಅಮೆರಿಕದ ಅಪರಾಧಶಾಸ್ತ್ರ ಸಂಘದಲ್ಲಿ ವಿಕ್ಟಿಮಾಲಜಿಗೆ ಪ್ರತ್ಯೇಕ ವಿಭಾಗವೇ ಇದ್ದು, ಜೀವಮಾನದ ಸಾಧನೆಗೆ ಅದು ಕೊಡುವ ಪ್ರಶಸ್ತಿ ಬಾನಿ ಫಿಶರ್ ಹೆಸರಿನಲ್ಲಿದೆ. ಕಾಲೇಜು ವಿದ್ಯಾರ್ಥಿನಿಯರ ಮೇಲಿನ ಲೈಂಗಿಕ ದೌರ್ಜನ್ಯ ಕುರಿತು ಫಿಶರ್ ಮತ್ತು ಸಂಗಡಿಗರು 4,446 ವಿದ್ಯಾರ್ಥಿನಿಯರನ್ನು ಮಾತನಾಡಿಸಿ 2000ದಲ್ಲಿ ಪ್ರಕಟಿಸಿದ ವರದಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ದೌರ್ಜನ್ಯಕ್ಕೀಡಾದವರಲ್ಲಿ ಹೆಚ್ಚಿನವರು ಪೊಲೀಸರ ಬಳಿಗೆ ಹೋಗಿರಲೇ ಇಲ್ಲ ಎಂಬುದು ಅದರಲ್ಲಿ ಕಂಡ ಕಟು ಸತ್ಯ.

2006ರಿಂದ ಕೊಡಮಾಡುತ್ತಿರುವ ಸ್ಟಾಕ್‌ಹೋಮ್ ಪ್ರಶಸ್ತಿ ಇಡೀ ಅಪರಾಧಶಾಸ್ತ್ರಕ್ಕೆ ಸೇರಿದ್ದು. ಆದರೂ ಅದನ್ನು ಪಡೆದವರಲ್ಲಿ ನೊಂದವರಿಂದಲೇ ತಮ್ಮ ಕೆಲಸ ಆರಂಭಿಸಿದವರು ಹಲವರು. 2008ರಲ್ಲಿ ಅದನ್ನು ಹಂಚಿಕೊಂಡ ಜೊನಾಥನ್ ಶೆಫರ್ಡ್ ಮುಖ, ದವಡೆಗಳ ಶಸ್ತ್ರಚಿಕಿತ್ಸೆ ಮಾಡುವ ವೈದ್ಯ. ಒಡೆದ ದವಡೆ, ಗಾಜು ಚುಚ್ಚಿದ ಕೆನ್ನೆಯೊಂದಿಗೆ ಆಸ್ಪತ್ರೆಗೆ ಬರುವ ಅನೇಕರ ಹೆಸರು ಪೊಲೀಸ್ ದಾಖಲೆಯಲ್ಲಿಲ್ಲ ಎಂಬುದು ಆತನಿಗೆ ತಿಳಿಯಿತು. ಆತನ ಪ್ರಯತ್ನದಿಂದ ವೇಲ್ಸ್‌ನ ಕಾರ್ಡಿಫ್ ನಗರದಲ್ಲಿ ಹೊಸ ಏರ್ಪಾಡು ಬಂತು. ಗಾಯಾಳು ಬಂದ ಕೂಡಲೇ ಎಲ್ಲಿ, ಯಾವಾಗ, ಯಾವ ಆಯುಧದಿಂದ ಪೆಟ್ಟಾಯಿತು ಎಂಬುದನ್ನು ಆಸ್ಪತ್ರೆಯ ಸಿಬ್ಬಂದಿ ಬರೆದುಕೊಳ್ಳುವರು, ಹೆಸರನ್ನು ತೆಗೆದುಹಾಕಿ ಆ ವಿವರವನ್ನು ಪೊಲೀಸರಿಗೂ ನಗರಸಭೆಗೂ ಕೊಡುವರು. ಅದರ ಮೇಲೆ ಗಸ್ತು ಬದಲಾಗುತ್ತದೆ, ಹೆಂಡದಂಗಡಿಗಳ ಮೇಲೆ ಕಣ್ಣು ಬೀಳುತ್ತದೆ. ಇದೇ ಬಗೆಯ ಬೇರೆ ನಗರಗಳಿಗೆ ಹೋಲಿಸಿದರೆ, ಹಲ್ಲೆಗೀಡಾಗಿ ಆಸ್ಪತ್ರೆ ಸೇರುವವರ ಪ್ರಮಾಣ ಕಾರ್ಡಿಫ್‌ನಲ್ಲಿ ಶೇ 42ರಷ್ಟು ಇಳಿಯಿತು ಎಂದು 2011ರ ಅಧ್ಯಯನ ಹೇಳಿತು. ನೊಂದವರ ಅಧ್ಯಯನ ಮುಂದೆ ನೋಯಬಹುದಾದವರನ್ನು ಕಾಯಬಲ್ಲದು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

2009ರಲ್ಲಿ ಸ್ಟಾಕ್‌ಹೋಮ್ ಗೌರವ ಪಡೆದ ಜಾನ್ ಹೇಗನ್ ಸುಡಾನಿನ ದಾರ್‌ಫುರ್‌ನಿಂದ ಚಾಡ್ ದೇಶಕ್ಕೆ ಓಡಿಬಂದ 1,136 ನಿರಾಶ್ರಿತರ ಹೇಳಿಕೆಗಳನ್ನು ವಿಶ್ಲೇಷಿಸಿ, ಅಲ್ಲಿ ನಡೆದದ್ದು ನರಮೇಧ ಎಂದು ವಾದಿಸಿದವ. 2012ರಲ್ಲಿ ಪಡೆದ ನೆದರ್‌ಲ್ಯಾಂಡ್ಸ್‌ನ ಯಾನ್ ಫಾನ್ ಡೈಕ್, 1989ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಸಮೀಕ್ಷೆಯನ್ನು ಮುನ್ನಡೆಸಿದವ. ಅಪರಾಧವನ್ನು ಪೊಲೀಸ್ ಕಡತದಿಂದ ಎಣಿಸದೆ, ನಿಮಗೇನಾಯಿತು ಎಂದು ಜನರನ್ನೇ ಒಂದೇ ಬಗೆಯ ಪ್ರಶ್ನೆಗಳಿಂದ ಕೇಳುವ ಕ್ರಮ ಅದು. 1990ರ ದಶಕದಲ್ಲಿ ಮುಂಬೈಯಲ್ಲೂ ಅದು ನಡೆದಿತ್ತು. 2016ರ ಗೌರವದಲ್ಲಿ ಪಾಲುಪಡೆದ ಕ್ಯಾಥಿ ಸ್ಪಾಟ್ಸ್ ವಿಡಮ್, ಎಳವೆಯಲ್ಲಿ ಹಿಂಸೆ ಅಥವಾ ಅಲಕ್ಷ್ಯಕ್ಕೆ ಗುರಿಯಾದ 908 ಮಕ್ಕಳ ಮುಂದಿನ ಬದುಕನ್ನು ದಾಖಲೆಗಳಲ್ಲಿ ಹಿಂಬಾಲಿಸಿದಳು. ಅಂಥ ಮಕ್ಕಳು ಬಾಲ್ಯದಲ್ಲಿ ಬಂಧನಕ್ಕೊಳಗಾಗುವ ಸಂಭವ ಉಳಿದವರಿಗಿಂತ ಹೆಚ್ಚು. ಆದರೂ ಅವರಲ್ಲಿ ಬಹುಪಾಲು ಮಕ್ಕಳು ಅಪರಾಧದ ಹಾದಿ ಹಿಡಿಯಲಿಲ್ಲ, ಈ ಎರಡನೆಯ ಮಾತನ್ನು ಮರೆಯಬಾರದು.

ಭಾರತದಲ್ಲಿ ಈ ಶಾಸ್ತ್ರಕ್ಕೆ ನೆಲೆ ಸಿಕ್ಕಿದ್ದು ಚೆನ್ನೈಯಲ್ಲಿ. ಮದ್ರಾಸು ವಿಶ್ವವಿದ್ಯಾಲಯದ ಕೆ. ಚೊಕ್ಕಲಿಂಗಂ ಮುಂತಾದವರ ಶ್ರಮದಿಂದ 1992ರಲ್ಲಿ ಇಂಡಿಯನ್ ಸೊಸೈಟಿ ಆಫ್ ವಿಕ್ಟಿಮಾಲಜಿ ರೂಪುಗೊಂಡಿತು. ಕಾನೂನಿನ ಕಡೆಯಿಂದ ಇದಕ್ಕೆ ದೊಡ್ಡ ಬಲ ಕೊಟ್ಟವರಲ್ಲಿ ಕನ್ನಡಿಗರೊಬ್ಬರಿದ್ದಾರೆ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ. ಎಸ್. ಮಳಿಮಠ ಅವರ ಅಧ್ಯಕ್ಷತೆಯ ಸಮಿತಿ 2003ರ ವರದಿಯಲ್ಲಿ, ನೊಂದವರಿಗೆ ಮೊಕದ್ದಮೆಯಲ್ಲಿ ಭಾಗವಹಿಸುವ ಹಕ್ಕೂ ಸರ್ಕಾರದಿಂದ ಪರಿಹಾರವೂ ಬೇಕೆಂದು ಶಿಫಾರಸು ಮಾಡಿತು. ಅಪರಾಧ ಪ್ರಕ್ರಿಯಾ ಸಂಹಿತೆಯ 2008ರ ತಿದ್ದುಪಡಿ ಪರಿಹಾರ ಯೋಜನೆಗೆ 357ಎ ಕಲಮನ್ನು ಸೇರಿಸಿತು. 2024ರಲ್ಲಿ ಆ ಸಂಹಿತೆಯ ಜಾಗಕ್ಕೆ ಹೊಸದು ಬರುವವರೆಗೆ ಅದರಂತೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳು ಪರಿಹಾರದ ಮೊತ್ತವನ್ನು ನಿರ್ಧರಿಸುತ್ತಿದ್ದವು.

ಇಷ್ಟಾದರೂ ನಮ್ಮಲ್ಲಿ ಅಪರಾಧದ ಲೆಕ್ಕಕ್ಕೆ ಮುಖ್ಯ ಆಧಾರ ಇಂದಿಗೂ ಠಾಣೆಯಲ್ಲಿ ದಾಖಲಾದ ಪ್ರಕರಣಗಳೇ. ಠಾಣೆಯ ಮೆಟ್ಟಿಲು ಹತ್ತದವರ ನೋವು ಆ ಲೆಕ್ಕಕ್ಕೆ ಸಿಗುವುದಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರಕ್ಕೆಂದೇ ವಿಭಾಗವಿದೆ, ಜಿಲ್ಲೆ ಜಿಲ್ಲೆಗೂ ದೊಡ್ಡ ಸರ್ಕಾರಿ ಆಸ್ಪತ್ರೆಗಳಿವೆ. ಫಾನ್ ಡೈಕ್ ಮಾಡಿದಂಥ ಸಮೀಕ್ಷೆಯನ್ನೋ ಶೆಫರ್ಡ್ ರೂಪಿಸಿದಂಥ ದಾಖಲಾತಿಯನ್ನೋ ನಮ್ಮ ವಿಶ್ವವಿದ್ಯಾಲಯಗಳು ಕನಿಷ್ಠ ಒಂದು ಜಿಲ್ಲೆಯಲ್ಲಿ, ಕನ್ನಡದಲ್ಲೇ ಜನರನ್ನು ಮಾತನಾಡಿಸುತ್ತ ಕೈಗೆತ್ತಿಕೊಳ್ಳಬೇಕು.